ಮೊಣಕೈ ಕೀಲಿನ ಸ್ಥೈರ್ಯ: ಒಂದು ಐತಿಹಾಸಿಕ ವಿವೇಚನೆ

ಮೊಣಕೈ ಕೀಲಿನ ಸ್ಥೈರ್ಯಕ್ಕೆ ಮೂಳೆಗಳ ಆಕಾರ ಕಾರಣವೋ, ಅವುಗಳನ್ನು ಬಿಗಿದಿರುವ ಅಸ್ಥಿರಜ್ಜುಗಳು ಕಾರಣವೋ? ಈ ಪ್ರಶ್ನೆಗೆ ವೈದ್ಯಶಾಸ್ತ್ರವು ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ತೋಳಿನ ಮೂಳೆಯ ಕೆಳತುದಿಯನ್ನು ಮುಂಗೈಯ ಅಲ್ನಾ ಮೂಳೆಯು ಕೊಕ್ಕೆಯಂತೆ ಹಿಡಿದಿದೆ. ಆದುದರಿಂದ ಈ ಕೀಲು ಬಾಗಿಲಿನ ಬಿಜಾಗರಿಯಂತೆ ತಾನಾಗಿಯೇ ಭದ್ರವೆಂದು ಮೇಲುನೋಟಕ್ಕೆ ತೋರುವುದು ಸಹಜ. 1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣವು ಮೂಳೆಯನ್ನು ಸ್ಪಷ್ಟವಾಗಿ ತೋರಿಸಿತು, ರಜ್ಜುವನ್ನು ತೋರಿಸಲಿಲ್ಲ. ಮೂಳೆಗಳು ಸ್ವಸ್ಥಾನದಲ್ಲಿದ್ದರೂ ಕೆಲವರ ಮೊಣಕೈ ಮತ್ತೆ ಮತ್ತೆ ಏಕೆ ತಪ್ಪುತ್ತದೆಂಬುದನ್ನು ಆ ಚಿತ್ರದಿಂದ ತಿಳಿಯುವಂತಿರಲಿಲ್ಲ.

1966ರಲ್ಲಿ ಆಸ್‌ಬೋರ್ನ್ ಮತ್ತು ಕಾಟರಿಲ್ ಎಂಬ ಶಸ್ತ್ರವೈದ್ಯರು ಇದರ ಮೂಲವನ್ನು ಕೀಲಿನ ಹಿಂದಣ ಹೊರಪಾರ್ಶ್ವದ ರಜ್ಜು ಹಾಗೂ ಕೋಶಗಳ ಸಡಿಲತೆಯಲ್ಲಿ ಗುರುತಿಸಿ, ಅವನ್ನು ಮೂಳೆಗೆ ಮರಳಿ ಹೊಲಿದು ಬಿಗಿಗೊಳಿಸಿದರು. 1991ರಲ್ಲಿ ಓಡ್ರಿಸ್ಕಾಲ್, ಬೆಲ್ ಮತ್ತು ಮಾರಿ ಇವರು, ಹೊರಪಾರ್ಶ್ವದಲ್ಲಿ ಅಲ್ನಾವನ್ನು ಹಿಡಿದಿರುವ ರಜ್ಜು ಸಡಿಲವಾದಾಗ ಮುಂಗೈಯ ಎರಡು ಮೂಳೆಗಳೂ ಒಟ್ಟಾಗಿ ತಿರುಚಿಕೊಂಡು ಜಾರುವ ಕ್ರಮವನ್ನು ವಿಶದಪಡಿಸಿದರು.

ಒಳಪಾರ್ಶ್ವದ ರಜ್ಜುವಾದರೋ ಮುಂಗೈ ಹೊರಕ್ಕೆ ವಾಲದಂತೆ ತಡೆಯುತ್ತದೆ. ಎಸೆತಗಾರರಲ್ಲಿ ಹೆಚ್ಚಿನ ಎಳೆತಕ್ಕೆ ಒಳಗಾಗುವುದು ಇದೇ. 1974ರಲ್ಲಿ ಅಮೆರಿಕದ ಫ್ರಾಂಕ್ ಜೋಬ್ ಎಂಬ ವೈದ್ಯರು ಬೇಸ್‌ಬಾಲ್ ಆಟಗಾರ ಟಾಮಿ ಜಾನ್‌ನ ಎಡ ಮೊಣಕೈಯ ಹರಿದ ರಜ್ಜುವಿಗೆ ಬದಲಾಗಿ ಆತನ ಬಲ ಮುಂಗೈಯ ಕಂಡರವನ್ನು ಕಸಿಮಾಡಿದರು. 1976ರಲ್ಲಿ ಕಣಕ್ಕೆ ಮರಳಿದ ಆತ 1989ರವರೆಗೂ ಆಡಿದನು. ಮೂಳೆಯನ್ನು ಮಾರ್ಪಡಿಸದೆ, ಕಟ್ಟನ್ನಷ್ಟೇ ಹೊಸದಾಗಿ ಕಟ್ಟಿದುದರಿಂದ ಕೈ ಕೆಲಸಕ್ಕೆ ಬಂದಿತೆಂಬುದು ಗಮನಾರ್ಹ.

ಈ ಸಂದರ್ಭದಲ್ಲಿ ಸುಶ್ರುತಸಂಹಿತೆಯ ಶಾರೀರಸ್ಥಾನವು ನೆನಪಾಗುತ್ತದೆ. ಹಲಗೆಗಳನ್ನು ಬಿಗಿದು ಕಟ್ಟಿದ ದೋಣಿ ನೀರಿನಲ್ಲಿ ಭಾರ ಹೊರುವಂತೆ, ಸಂಧಿಗಳಲ್ಲಿ ಸ್ನಾಯುಗಳಿಂದ ಬಿಗಿಯಲ್ಪಟ್ಟ ದೇಹವೂ ಭಾರ ಹೊರುತ್ತದೆಂದು ಅಲ್ಲಿ ಹೇಳಿದೆ. ಸ್ನಾಯುವಿನ ಪೆಟ್ಟು ಮೂಳೆಯ ಪೆಟ್ಟಿಗಿಂತ ಹಾನಿಕರವೆಂದೂ ಇದೆ. ಇಂದು ಸ್ನಾಯುವೆಂದರೆ ಮಾಂಸಖಂಡವೆಂದು ನಾವು ತಿಳಿಯುತ್ತೇವೆ; ಅಲ್ಲಿ ಅದು ಬಂಧನವಾಚಕ. ಇಷ್ಟರಿಂದಲೇ ಆಧುನಿಕ ಶೋಧವು ಅಲ್ಲಿಯೇ ಅಡಗಿತ್ತೆಂದು ವಾದಿಸುವುದು ಇತಿಹಾಸಕ್ಕೆ ಸಲ್ಲದು. ಆ ಗ್ರಂಥದಲ್ಲಿ ಒಂದೊಂದು ರಜ್ಜುವಿನ ಕಾರ್ಯವಿಶ್ಲೇಷಣೆಯಿಲ್ಲ. ಇರುವುದು ಕಟ್ಟಿನ ಮಹತ್ತ್ವದ ಅರಿವು. ಕಾಣುವುದನ್ನು ಮಾತ್ರವೇ ಕಾರಣವೆಂದು ಬಗೆಯಬಾರದೆಂಬುದು ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ.