ಶಾಲಾ ಮಕ್ಕಳಿಗೆ ಮೆಂಟರ್ ಆಗುವವರು ತಿಳಿದಿರಬೇಕಾದದ್ದು

ಜೂನ್ ಬಂತೆಂದರೆ ಊರಿನ ಸಂಘ-ಸಂಸ್ಥೆಗಳು ಮಕ್ಕಳಿಗೆ ಪುಸ್ತಕ, ಬ್ಯಾಗ್, ಕೊಡೆ ಹಂಚುತ್ತವೆ. ಎಸೆಸೆಲ್ಸಿ ಫಲಿತಾಂಶ ಬಂದಾಗ ಫುಲ್ ಎ ಪ್ಲಸ್ ತೆಗೆದವರಿಗೆ ಸನ್ಮಾನ ಮಾಡುತ್ತವೆ. ಎರಡೂ ಒಳ್ಳೆಯ ಕೆಲಸವೇ. ಆದರೆ ಬ್ಯಾಗ್ ಸಿಕ್ಕಿ, ಎ ಪ್ಲಸ್ ಸಿಗದ ಮಗುವನ್ನು ನಡುವಿನ ಹತ್ತು ತಿಂಗಳು ಯಾರು ವಿಚಾರಿಸುತ್ತಾರೆ? ಮೆಂಟರ್, ಅಂದರೆ ಮಾರ್ಗದರ್ಶಕ, ಬೇಕಾಗುವುದು ಆ ಹತ್ತು ತಿಂಗಳಿಗೆ.

ಮೆಂಟರ್ ಅಂದರೆ ಯಾರು?

ಮೆಂಟರ್ ಟ್ಯೂಷನ್ ಮಾಷ್ಟ್ರಲ್ಲ, ಕೌನ್ಸೆಲರ್ ಅಲ್ಲ, ದಾನಿಯೂ ಅಲ್ಲ. ವಾರಕ್ಕೊಮ್ಮೆ, ನಿಗದಿಯಾದ ಹೊತ್ತಿನಲ್ಲಿ, ಒಂದು ಮಗುವಿನ ಜೊತೆ ಕೂತು ಮಾತನಾಡುವ ಹಿರಿಯರು ಅಷ್ಟೇ. ಲೆಕ್ಕ ಬಾರದಿದ್ದರೆ ಲೆಕ್ಕ ನೋಡುತ್ತಾರೆ. ಶಾಲೆಗೆ ಎರಡು ದಿನ ಬರಲಿಲ್ಲವಾದರೆ ಯಾಕೆ ಅಂತ ಕೇಳುತ್ತಾರೆ. ಅರ್ಜಿ ಹಾಕುವ ಕೊನೆಯ ದಿನಾಂಕ ನೆನಪು ಮಾಡುತ್ತಾರೆ. ಉಪ್ಪ ಗಲ್ಫ್‌ನಲ್ಲಿದ್ದು ಉಮ್ಮ ಒಬ್ಬರೇ ಮನೆ ನೋಡಿಕೊಳ್ಳುವಲ್ಲಿ, ಇಬ್ಬರೂ ಕೂಲಿಗೆ ಹೋಗುವಲ್ಲಿ, ಎಂಡೋಸಲ್ಫಾನ್‌ನಿಂದ ಬಾಧಿತರಾದ ಅಣ್ಣನನ್ನೋ ತಂಗಿಯನ್ನೋ ನೋಡಿಕೊಳ್ಳುವ ಹೊಣೆ ಶಾಲೆಗೆ ಹೋಗುವ ಮಗುವಿನ ಮೇಲೂ ಬಿದ್ದಿರುವಲ್ಲಿ ಇಷ್ಟನ್ನು ಕೇಳುವವರೂ ಇರುವುದಿಲ್ಲ.

ಹರೇಕಳ ಹಾಜಬ್ಬರ ಕಥೆ ಸಮುದಾಯದಲ್ಲಿ ಎಲ್ಲರಿಗೂ ಗೊತ್ತು. ಕಿತ್ತಳೆ ಮಾರಿದ ದುಡ್ಡಿನಿಂದ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಲು ಹೊರಟ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಶಾಲೆಯೇ ಇಲ್ಲದ ಊರಿಗೆ ಶಾಲೆ ಬೇಕಿತ್ತು. ಇವತ್ತು ಹೆಚ್ಚಿನ ಊರುಗಳಲ್ಲಿ ಶಾಲೆ ಇದೆ. ಒಳಗೆ ಕೂತ ಮಗು ಕೊನೆಯ ತನಕ ಉಳಿಯುವಂತೆ ನೋಡಿಕೊಳ್ಳುವ ಕೆಲಸ ಬಾಕಿ ಇದೆ.

ವಿದ್ಯಾನಗರದಲ್ಲಿ ಏನೇನಿದೆ?

ಕಾಸರಗೋಡು ಪೇಟೆಯ ಪಕ್ಕದ ವಿದ್ಯಾನಗರದಲ್ಲಿ ಈ ಕೆಲಸಕ್ಕೆ ಬೇಕಾದದ್ದೆಲ್ಲ ಹತ್ತಿರ ಹತ್ತಿರದಲ್ಲೇ ಇದೆ. 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜು ಇಲ್ಲಿದೆ, ಅದರಲ್ಲಿ ಕನ್ನಡ ವಿಭಾಗವೂ ಇದೆ. ಜಿಲ್ಲಾಧಿಕಾರಿ ಕಚೇರಿ ಇರುವ ಸಿವಿಲ್ ಸ್ಟೇಷನ್, ಮಕ್ಕಳ ರಕ್ಷಣೆಯ ವಿಷಯ ನೋಡಿಕೊಳ್ಳುವ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಲ್ಲಿವೆ. ಸರಕಾರಿ ಅಂಧರ ಶಾಲೆಯೂ ಇಲ್ಲೇ ಇದೆ. ಅಂಥ ಶಾಲೆಯ ಮಕ್ಕಳಿಗೆ ಕಥೆಪುಸ್ತಕ, ಪತ್ರಿಕೆ ಗಟ್ಟಿಯಾಗಿ ಓದಿ ಹೇಳುವುದೂ ಒಳ್ಳೆಯ ಮೆಂಟರ್ ಕೆಲಸವೇ.

ಕಾಲೇಜಿನ ಎನ್ನೆಸ್ಸೆಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ವಾರಕ್ಕೆ ಒಂದು ಗಂಟೆಯಂತೆ ಲೆಕ್ಕ ಹಾಕಿದರೆ ಒಂದು ಶಾಲಾ ವರ್ಷಕ್ಕೆ ನಲ್ವತ್ತು ಗಂಟೆಯೂ ಆಗುವುದಿಲ್ಲ. ಕಾಲೇಜು ಯುವಕ ಯುವತಿಯರಿಗೆ ಸಮಯ ಇಲ್ಲ ಎಂಬ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಯಾವ ಮಗುವಿಗೆ ಹೆಚ್ಚು ಬೇಕು?

ಎಲ್ಲರೂ ಹತ್ತನೇ ತರಗತಿಯತ್ತ ನೋಡುತ್ತಾರೆ. ನಿಜಕ್ಕೂ ನೋಡಬೇಕಾದದ್ದು ಎಂಟನೇ ತರಗತಿಯತ್ತ. ಕೇರಳದಲ್ಲಿ 2024-25ರಿಂದ 8ನೇ ತರಗತಿಯ ಲಿಖಿತ ಪರೀಕ್ಷೆಯಲ್ಲಿ ಪ್ರತಿ ವಿಷಯಕ್ಕೂ ಕನಿಷ್ಠ ಶೇ. 30 ಅಂಕ ಬೇಕೆಂಬ ನಿಯಮ ಬಂತು. ಅದನ್ನು 2025-26ಕ್ಕೆ 9ನೇ ತರಗತಿಗೆ, 2026-27ಕ್ಕೆ ಎಸೆಸೆಲ್ಸಿಗೆ ತರುವುದೆಂದು ಸರಕಾರ ತೀರ್ಮಾನಿಸಿತು. ಮೊದಲು ಇಂಟರ್ನಲ್ ಅಂಕದ ಬಲದಲ್ಲಿ ದಾಟುತ್ತಿದ್ದ ಮಗು ಈಗ ಬರೆದೇ ದಾಟಬೇಕು. ಕಡಿಮೆ ಅಂಕ ಬಂದವರಿಗೆ ವಿಶೇಷ ತರಗತಿ, ಮರುಪರೀಕ್ಷೆ ಇದೆ. ಆದರೆ ಆ ರಜೆಯ ತರಗತಿಗೆ ಮಗು ಹೋಗುವಂತೆ ನೋಡಿಕೊಳ್ಳುವವರು ಬೇಕಲ್ಲ!

ಎಂಟನೇ ತರಗತಿಯಲ್ಲೇ ಎನ್ನೆಮ್ಮೆಮ್ಮೆಸ್ ಸ್ಕಾಲರ್‌ಶಿಪ್ ಪರೀಕ್ಷೆಯೂ ಬರುತ್ತದೆ. ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳು, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರದಿದ್ದರೆ, ಬರೆಯಬಹುದು. ಆಯ್ಕೆಯಾದರೆ 9ರಿಂದ 12ನೇ ತರಗತಿ ತನಕ ವರ್ಷಕ್ಕೆ 12,000 ರೂ. ಸಿಗುತ್ತದೆ. ಕೇಂದ್ರದ ಅಲ್ಪಸಂಖ್ಯಾತ ಪ್ರಿ-ಮೆಟ್ರಿಕ್ ಸ್ಕಾಲರ್‌ಶಿಪ್ 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತವಾದ ಮೇಲೆ ಎಂಟನೆಯ ಈ ಪರೀಕ್ಷೆಗೆ ಬೆಲೆ ಇನ್ನೂ ಹೆಚ್ಚಿದೆ. ಆದಾಯ ಪ್ರಮಾಣಪತ್ರಕ್ಕೆ ಯಾವಾಗ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆ ಯಾರ ಹೆಸರಲ್ಲಿರಬೇಕು ಎಂಬ ಸಣ್ಣ ಸಣ್ಣ ವಿಷಯಗಳಲ್ಲೇ ಎಷ್ಟೋ ಮಕ್ಕಳ ಹಣ ತಪ್ಪಿಹೋಗುತ್ತದೆ. ಮೆಂಟರ್ ಇದ್ದರೆ ಅದು ತಪ್ಪದು.

ಗಡಿನಾಡಿನಲ್ಲಿ ಭಾಷೆಯ ತೊಡಕು ಬೇರೆ. ಮನೆಯಲ್ಲಿ ಬ್ಯಾರಿ ಅಥವಾ ಮಲಯಾಳಂ, ಶಾಲೆಯಲ್ಲಿ ಕನ್ನಡ. ಪ್ಲಸ್ ವನ್ ಮೆಟ್ಟಿಲು ಹತ್ತಿದ ಕೂಡಲೇ ಇಂಗ್ಲಿಷಿನ ಪಠ್ಯಪುಸ್ತಕ. ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿಯೇ ಓದಿದ ಹುಡುಗ ವಿಜ್ಞಾನದ ಮೊದಲ ಪಾಠದಲ್ಲೇ 'ಇದು ನನ್ನಿಂದಾಗದು' ಅಂತ ಕೂರುತ್ತಾನೆ. ಗೊತ್ತಿಲ್ಲದ್ದು ಪಾಠವಲ್ಲ, ಪದ ಮಾತ್ರ ಎಂದು ಅವನ ಮನೆಮಾತಿನಲ್ಲೇ ಹೇಳಬಲ್ಲವರು, ಅದೇ ದಾರಿಯಲ್ಲಿ ನಡೆದು ಬಂದ ಕಾಲೇಜು ವಿದ್ಯಾರ್ಥಿಗಳು. ಅಂಥ ಮೆಂಟರ್ ಹೊರಗಿನಿಂದ ಸಿಗುವುದು ಕಷ್ಟ.

ಅರ್ಧದಲ್ಲಿ ಬಿಟ್ಟರೆ ಏನಾಗುತ್ತದೆ?

ಮೆಂಟರ್ ಆಗುವ ಮೊದಲು ಯೋಚಿಸಲೇಬೇಕಾದ ವಿಷಯ ಇದು. ಅಮೆರಿಕದ 'ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್' ಎಂಬ ಸಂಸ್ಥೆಯ ಮೂಲ 1904ರಷ್ಟು ಹಳೆಯದು. ಅದರ ಕೆಲಸದ ಮೇಲೆ 1995ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮೆಂಟರ್ ಇದ್ದ ಮಕ್ಕಳಲ್ಲಿ ಮಾದಕ ವಸ್ತು ಬಳಸಲು ಆರಂಭಿಸುವ ಸಾಧ್ಯತೆ ಶೇ. 46ರಷ್ಟು, ಶಾಲೆ ತಪ್ಪಿಸುವ ಸಾಧ್ಯತೆ ಶೇ. 52ರಷ್ಟು ಕಡಿಮೆ ಇತ್ತು. ಈ ಅಂಕೆಗಳನ್ನು ಭಾಷಣಗಳಲ್ಲಿ ಹೇಳುವವರು ಮುಂದಿನದ್ದನ್ನು ಹೇಳುವುದಿಲ್ಲ. ಅದೇ ಮಕ್ಕಳ ಮಾಹಿತಿಯನ್ನು ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಮತ್ತೆ ಪರಿಶೀಲಿಸಿದರು. ಒಂದು ವರ್ಷಕ್ಕಿಂತ ಹೆಚ್ಚು ಜೊತೆ ಇದ್ದಲ್ಲಿ ಹೆಚ್ಚಿನ ಪ್ರಯೋಜನ ಕಂಡಿತು. ಮೂರು ತಿಂಗಳೊಳಗೆ ಬಿಟ್ಟುಹೋದಲ್ಲಿ ಮಗುವಿಗೆ ತನ್ನ ಮೇಲಿದ್ದ ವಿಶ್ವಾಸವೇ ಮೊದಲಿಗಿಂತ ಕುಗ್ಗಿತ್ತು.

ಕಾರಣ ಊಹಿಸುವುದು ಕಷ್ಟವಲ್ಲ. ಉಪ್ಪ ದೂರ ಇರುವ ಮಗುವಿಗೆ 'ಮುಂದಿನ ವಾರ ಬರ್ತೇನೆ' ಎಂಬ ಮಾತು ಸಣ್ಣದಲ್ಲ. ಮಾತು ಕೊಟ್ಟವರು ಬಾರದಿದ್ದರೆ ಮಗು ದೂರುವುದು ಅವರನ್ನಲ್ಲ, ತನ್ನನ್ನೇ. ಹಾಗಾಗಿ ವೀಸಾ ಕಾಯುತ್ತಿರುವವರು, ಫೈನಲ್ ಪರೀಕ್ಷೆ ಎದುರಿರುವವರು ಮೆಂಟರ್ ಆಗದೆ ಒಂದು ದಿನದ ಕ್ಯಾಂಪಿನಲ್ಲಿ, ಅರ್ಜಿ ತುಂಬಿಸುವ ಶಿಬಿರದಲ್ಲಿ ಸಹಾಯ ಮಾಡುವುದು ಉತ್ತಮ. ಅದರಲ್ಲಿ ಸಣ್ಣತನ ಏನಿಲ್ಲ.

ಎಲ್ಲಿ ಶುರು ಮಾಡುವುದು?

ಮೊದಲ ಬಾಗಿಲು ಶಾಲೆಯದ್ದೇ. ಮುಖ್ಯೋಪಾಧ್ಯಾಯರು ಮತ್ತು ಪಿಟಿಎಯ ಒಪ್ಪಿಗೆ ಇಲ್ಲದೆ ಯಾವ ಸಂಘಟನೆಯೂ ಮಕ್ಕಳನ್ನು ಸೇರಿಸಬಾರದು. ಯಾವ ಮಗುವಿಗೆ ಅಗತ್ಯ ಎಂದು ಹೇಳಬೇಕಾದವರು ಕ್ಲಾಸ್ ಟೀಚರ್. ಹೆತ್ತವರ ಒಪ್ಪಿಗೆ ಬರಹದಲ್ಲಿರಲಿ. ಕೇರಳದ ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ (2010ರಿಂದ), ಮಕ್ಕಳ ವರ್ತನೆಯ ಸಮಸ್ಯೆಗಳಿಗೆ ನೆರವಾಗುವ ಓಆರ್‌ಸಿ ಮುಂತಾದ ಯೋಜನೆಗಳಿವೆ. ಶಾಲೆಯಲ್ಲಿ ಅವು ನಡೆಯುತ್ತಿದ್ದರೆ ಅದರ ಹೊಣೆ ಹೊತ್ತ ಅಧ್ಯಾಪಕರ ಜೊತೆ ಸೇರುವುದು ಸುಲಭ. ಸ್ವಯಂಸೇವಕರು ನೋಂದಾಯಿಸಿಕೊಳ್ಳಲು ಕೇಂದ್ರ ಸರಕಾರದ 'ವಿದ್ಯಾಂಜಲಿ' ಪೋರ್ಟಲ್ ಇದೆ. ಕರ್ನಾಟಕದಲ್ಲಿ ಇರುವವರಿಗೆ 2009ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಮೆಂಟರ್ ಟುಗೆದರ್' ಸಂಸ್ಥೆಯ ಕೆಲಸ ನೋಡಿ ಕಲಿಯಲು ಯೋಗ್ಯ.

ಇಲ್ಲಿಯ ಮಕ್ಕಳ ದಿನಚರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಗ್ಗೆ ಮದ್ರಸ, ಆಮೇಲೆ ಸಂಜೆ ತನಕ ಶಾಲೆ. ದಣಿದ ಮಗುವನ್ನು ಇನ್ನೊಂದು ಗಂಟೆ ಬೆಂಚಿನಲ್ಲಿ ಕೂರಿಸಿದರೆ ಅದಕ್ಕೆ ಮೆಂಟರ್ ಕೂಡ ಒಂದು ಶಿಕ್ಷೆ. ಶನಿವಾರವೋ ಶಾಲೆಯ ಬಿಡುವಿನ ಪೀರಿಯಡ್ಡೋ ಆಗಬಹುದು. ಶಾಲೆಯ ಮಾಷ್ಟ್ರು, ಮದ್ರಸದ ಉಸ್ತಾದರು ಇಬ್ಬರಿಗೂ ವಿಷಯ ಗೊತ್ತಿದ್ದರೆ ಹೊತ್ತು ಹೊಂದಿಸುವುದು ಕಷ್ಟವಾಗದು.

ಮಕ್ಕಳ ಸುರಕ್ಷತೆ

ದೆಹಲಿ ಸರಕಾರ 2021ರಲ್ಲಿ 'ದೇಶ್ ಕೆ ಮೆಂಟರ್' ಯೋಜನೆ ತಂದಾಗ, ಅಪರಿಚಿತರ ಕೈಗೆ ಮಕ್ಕಳನ್ನು ಒಪ್ಪಿಸುವುದು ಎಷ್ಟು ಸುರಕ್ಷಿತ ಎಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಆಕ್ಷೇಪ ಎತ್ತಿತು. ಪ್ರಶ್ನೆ ಎಲ್ಲ ಕಡೆಗೂ ಅನ್ವಯಿಸುತ್ತದೆ. ಪಾಲಿಸಲೇಬೇಕಾದ ಕೆಲವು ನಿಯಮಗಳು ಹೀಗಿವೆ:

- ಭೇಟಿ ಶಾಲೆಯ ಆವರಣದಲ್ಲಿ, ಬೇರೆಯವರಿಗೆ ಕಾಣುವ ಜಾಗದಲ್ಲಿ ಮಾತ್ರ.
- ಗಂಡು ಮಕ್ಕಳಿಗೆ ಗಂಡಸರು, ಹೆಣ್ಣು ಮಕ್ಕಳಿಗೆ ಮಹಿಳಾ ಮೆಂಟರ್ ಇದ್ದರೆ ಮನೆಯವರಿಗೂ ಸಮಾಧಾನ.
- ಟೀಚರ್‌ಗೆ, ಮನೆಯವರಿಗೆ ತಿಳಿಯದ ಫೋನ್, ಮೆಸೇಜು, ಉಡುಗೊರೆ ಬೇಡ.
- ಮಗುವಿನ ಫೋಟೋ, ಹೆಸರು, ಮನೆಯ ಕಷ್ಟ ಸ್ಟೇಟಸ್‌ಗೆ ಹಾಕುವಂತಿಲ್ಲ. ಸಂಘಟನೆಯ ವರದಿಗೂ ಬೇಡ.
- ಮಗು ದೌರ್ಜನ್ಯದ ವಿಷಯ ಹೇಳಿದರೆ ಗುಟ್ಟಾಗಿಡುವುದಾಗಿ ಮಾತು ಕೊಡಬಾರದು. ಲೈಂಗಿಕ ದೌರ್ಜನ್ಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಕಾಯ್ದೆ ಹೇಳುತ್ತದೆ. ಊರಿನಲ್ಲಿ ಮಾತುಕತೆ ಮಾಡಿ ಮುಗಿಸುವ ವಿಷಯ ಇದಲ್ಲ. ಮಕ್ಕಳ ಸಹಾಯವಾಣಿ 1098.

ಮುಗಿಸುವುದೂ ಕೆಲಸದ ಭಾಗ

ಮಾರ್ಚ್ ತಿಂಗಳಲ್ಲಿ ಶಾಲಾ ವರ್ಷ ಮುಗಿಯುತ್ತದೆ. ಮುಂದಿನ ವರ್ಷ ಬರಲಾಗದಿದ್ದರೆ ಒಂದು ತಿಂಗಳು ಮೊದಲೇ ಮಗುವಿಗೆ ಹೇಳಬೇಕು, ಯಾಕೆ ಎಂದೂ ಹೇಳಬೇಕು. ಸಾಧ್ಯವಾದರೆ ಹೊಸ ಮೆಂಟರ್‌ನ್ನು ಕರೆತಂದು ಪರಿಚಯ ಮಾಡಿಸಬೇಕು. ಹತ್ತು ಮಕ್ಕಳ ಪಟ್ಟಿ ಹಿಡಿದು ಹೊರಡುವ ಸಂಘಟನೆಗಿಂತ, ಒಂದೇ ಮಗುವಿನ ಜೊತೆ ಎಂಟನೇ ತರಗತಿಯಿಂದ ಹತ್ತರ ತನಕ ಇದ್ದ ಒಬ್ಬ ಕಾಲೇಜು ವಿದ್ಯಾರ್ಥಿನಿ ಮಾಡುವ ಕೆಲಸ ದೊಡ್ಡದು. ಅದಕ್ಕೆ ವೇದಿಕೆ, ಬ್ಯಾನರ್ ಬೇಡ. ಹೇಳಿದ ದಿನ, ಹೇಳಿದ ಹೊತ್ತಿಗೆ ಹೋದರೆ ಸಾಕು.