ಇನ್ಸುಲಿನ್ ಮತ್ತು ದಾದಿಯರ ಐದು ಹೆಜ್ಜೆಗಳು: ಒಂದು ಐತಿಹಾಸಿಕ ಅವಲೋಕನ

(ವುಡ್‌ಬ್ರಿಡ್ಜ್‌ನ ಕನ್ನಡ ಕುಟುಂಬಗಳ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನಾವಿಂದು ಸೇರಿರುವ ವುಡ್‌ಬ್ರಿಡ್ಜ್ ಹಂಬರ್ ನದಿಯ ದಡದ ಹಳೆಯ ಊರು. ಬರ್ವಿಕ್ ಎಂದು ಕರೆಸಿಕೊಳ್ಳುತ್ತಿದ್ದ ಈ ಊರಿಗೆ 1855ರಲ್ಲಿ ಈಗಿನ ಹೆಸರು ಬಂದಿತು. ಊರಿನ ದಕ್ಷಿಣದ ಎಲ್ಲೆಯಾದ ಸ್ಟೀಲ್ಸ್ ರಸ್ತೆಯನ್ನು ಹಿಡಿದು ಪೂರ್ವಕ್ಕೆ ಸಾಗಿದರೆ ಡಫರಿನ್ ರಸ್ತೆ ಕೂಡುವೆಡೆಯಲ್ಲಿ ಕೊನಾಟ್ ಪ್ರಯೋಗಾಲಯದ ನೆಲ ಸಿಗುತ್ತದೆ. ಅಲ್ಲಿನ ತೋಟ 1917ರಲ್ಲಿ ಆರಂಭವಾಯಿತು. ಅದೇ ಸಂಸ್ಥೆ 1922ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಆವರಣದಲ್ಲಿ ಇನ್ಸುಲಿನ್ ತಯಾರಿಕೆಗೆ ಕೈಹಾಕಿತು. ಸಕ್ಕರೆ ಕಾಯಿಲೆಯ ಪರಿಚಯವಿಲ್ಲದ ಮನೆ ನಮ್ಮವರಲ್ಲಿ ವಿರಳವಾದುದರಿಂದ, ಈ ಚರಿತ್ರೆ ನಮಗೆ ಪರಕೀಯವಲ್ಲ. ಆದರೆ ನಮ್ಮ ಇಂದಿನ ವಿಷಯ ಇನ್ಸುಲಿನ್ ಕಂಡುಹಿಡಿದವರದಲ್ಲ. ಅದನ್ನು ಅಪಾಯವಿಲ್ಲದಂತೆ ರೋಗಿಗೆ ಮುಟ್ಟಿಸುವ ದಾದಿಯರದು.

1922ರ ಜನವರಿ 11ರಂದು ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನಿಗೆ ಬ್ಯಾಂಟಿಂಗ್ ಮತ್ತು ಬೆಸ್ಟ್ ತಯಾರಿಸಿದ ಸಾರವನ್ನು ಚುಚ್ಚಲಾಯಿತು. ಸಕ್ಕರೆ ಸ್ವಲ್ಪ ಇಳಿಯಿತಾದರೂ ಹುಡುಗನ ಸ್ಥಿತಿ ಸುಧಾರಿಸಲಿಲ್ಲ. ಚುಚ್ಚಿದ ಜಾಗದಲ್ಲಿ ಬಾವು ಕಾಣಿಸಿಕೊಂಡಿತು. ಚಿಕಿತ್ಸೆಯನ್ನು ನಿಲ್ಲಿಸಿದರು. ಕಾಲಿಪ್ ಎಂಬ ರಸಾಯನಶಾಸ್ತ್ರಜ್ಞರು ಸಾರವನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಂದು ಮತ್ತೆ ಆರಂಭಿಸಿದರು. ಒಂದೇ ದಿನದಲ್ಲಿ ರಕ್ತದ ಸಕ್ಕರೆ 520ರಿಂದ 120 ಮಿಲಿಗ್ರಾಂಗೆ ಇಳಿಯಿತು. ಆ ಬಾಲಕ ಇನ್ನೂ ಹದಿಮೂರು ವರ್ಷ ಬದುಕಿದನು. ಇಲ್ಲಿ ನಾವು ಗಮನಿಸಬೇಕಾದುದು ಆ ಹನ್ನೆರಡು ದಿನಗಳನ್ನು. ಔಷಧ ಕೊಟ್ಟರು, ಫಲವನ್ನು ನೋಡಿದರು, ನಿಲ್ಲಿಸಿದರು, ತಿದ್ದಿದರು, ಮತ್ತೆ ಕೊಟ್ಟರು. ದಾದಿಯರ ಶಾಸ್ತ್ರವು ಮುಂದೆ ಹೆಸರಿಟ್ಟು ಕಲಿಸಿದುದು ಇದನ್ನೇ.

ಇನ್ಸುಲಿನ್ನಿನ ಅಳತೆಯೂ ವಿಚಿತ್ರವಾದುದು. ಅದನ್ನು ತೂಕದಿಂದಲ್ಲ, ಕೆಲಸದಿಂದ ಅಳೆದರು. ಉಪವಾಸವಿದ್ದ ಮೊಲದ ರಕ್ತದ ಸಕ್ಕರೆಯನ್ನು ನಿಗದಿಯಾದ ಮಟ್ಟಕ್ಕೆ ಇಳಿಸಲು ಬೇಕಾದ ಪ್ರಮಾಣವೇ ಮೊದಲಿನ ಯೂನಿಟ್. ಆ ಮಟ್ಟದಲ್ಲಿ ಮೊಲಕ್ಕೆ ಸೆಳವು ಬರುತ್ತಿತ್ತು. ಅತಿಯಾದರೆ ಅಮೃತವೂ ವಿಷ ಎಂಬ ನಮ್ಮ ಹಿರಿಯರ ಮಾತು ಈ ಔಷಧದ ಅಳತೆಗೋಲಿನಲ್ಲಿಯೇ ಅಡಗಿದೆ.

ಇಂಥ ಔಷಧವನ್ನು ದಿನದಿನವೂ ಕೊಡುವ ಹೊಣೆ ದಾದಿಯರದಾಯಿತು. ಆಂಟೇರಿಯೊದಲ್ಲಿ ದಾದಿಯರ ಶಿಕ್ಷಣ ಹಳೆಯದು: ಸೇಂಟ್ ಕ್ಯಾಥರೀನ್ಸ್‌ನಲ್ಲಿ 1874ರಲ್ಲಿ, ಟೊರಾಂಟೊ ಜನರಲ್ ಆಸ್ಪತ್ರೆಯಲ್ಲಿ 1881ರಲ್ಲಿ ಶಾಲೆಗಳು ತೆರೆದವು. ಅಂದಿನ ಶಿಕ್ಷಣದ ತಿರುಳು ವಿಧೇಯತೆ. ವೈದ್ಯರು ಬರೆದುದನ್ನು ತಪ್ಪದೆ ಕೊಡಬೇಕು. ಇದರಿಂದ ಬೆಳೆದು ಬಂದುದು 'ಐದು ಸರಿಗಳು' ಎಂಬ ಸೂತ್ರ: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ. ಸೂತ್ರ ಉತ್ತಮವಾದುದೇ. ಆದರೆ ಇವೆಲ್ಲವೂ ಸರಿಯಾಗಿದ್ದು ರೋಗಿ ಅಂದು ಊಟವನ್ನೇ ಮಾಡಿರದಿದ್ದರೆ? ಬರೆದ ಪ್ರಮಾಣವೇ ಪ್ರಾಣಕ್ಕೆ ಎರವಾಗಬಹುದು.

ಈ ಕೊರತೆಯನ್ನು ತುಂಬಿದುದು ಶುಶ್ರೂಷಾ ಪ್ರಕ್ರಿಯೆ ಎಂಬ ವಿಚಾರ. ಅಮೆರಿಕದ ಲಿಡಿಯಾ ಹಾಲ್ 1955ರಲ್ಲಿ ಶುಶ್ರೂಷೆಯನ್ನು ಒಂದು ಪ್ರಕ್ರಿಯೆ ಎಂದು ಕರೆದರು. 1961ರಲ್ಲಿ ಐಡಾ ಜೀನ್ ಒರ್ಲ್ಯಾಂಡೊ ತಮ್ಮ ಗ್ರಂಥದಲ್ಲಿ ದಾದಿಯು ರೋಗಿಯ ವರ್ತನೆಯನ್ನು ಕಂಡು, ತಾನು ತಿಳಿದುದು ನಿಜವೆ ಎಂದು ಆತನನ್ನೇ ಕೇಳಬೇಕೆಂದರು. 1967ರಲ್ಲಿ ಯೂರಾ ಮತ್ತು ವಾಲ್ಷ್ ಅದನ್ನು ನಾಲ್ಕು ಹೆಜ್ಜೆಗಳಲ್ಲಿ ವಿವರಿಸಿದರು. 1973ರಲ್ಲಿ ಅಮೆರಿಕದ ದಾದಿಯರ ಸಂಘ ತನ್ನ ವೃತ್ತಿಮಾನಕಗಳನ್ನು ಇದರ ಮೇಲೆ ನಿಲ್ಲಿಸಿತು. ನಿರ್ಣಯವೂ ಸೇರಿ ಹೆಜ್ಜೆಗಳು ಐದಾದವು.

ಇನ್ಸುಲಿನ್ನಿಗೆ ಅನ್ವಯಿಸಿ ನೋಡೋಣ. ಮೊದಲನೆಯದು ಪರಿಶೀಲನೆ: ಈಗಿನ ಸಕ್ಕರೆ ಎಷ್ಟು, ಊಟವಾಯಿತೆ, ವಾಂತಿಯಿದೆಯೆ, ಮೂತ್ರಪಿಂಡ ಹೇಗಿದೆ, ಬೇರೆ ಯಾವ ಮದ್ದು ನಡೆದಿದೆ. ಎರಡನೆಯದು ನಿರ್ಣಯ: ಈ ರೋಗಿಗೆ ಇಂದಿನ ಅಪಾಯ ಸಕ್ಕರೆ ಏರುವುದೊ, ಕುಸಿಯುವುದೊ. ಮೂರನೆಯದು ಯೋಜನೆ: ಊಟದ ಹೊತ್ತಿಗೆ ಹೊಂದುವ ಸಮಯ, ಚುಚ್ಚುವ ಜಾಗ, ಕೈಗೆಟಕುವಂತೆ ಹಣ್ಣಿನ ರಸ. ನಾಲ್ಕನೆಯದು ಅನುಷ್ಠಾನ: ರೋಗಿಯ ಗುರುತನ್ನು ಎರಡು ಬಗೆಯಲ್ಲಿ ಖಚಿತಪಡಿಸಿಕೊಂಡು, ಸೀಸೆಯ ಚೀಟಿಯನ್ನು ತೆಗೆಯುವಾಗ, ಎಳೆಯುವಾಗ, ಹಿಂದಿಡುವಾಗ ಓದಿ ಕೊಡುವುದು. ಕೊನೆಯದು ಮೌಲ್ಯಮಾಪನ: ಬೆವರು, ನಡುಕ, ಮಂಕು ಬಂದಿತೆ ಎಂದು ನೋಡುವುದು, ಮತ್ತೆ ಅಳೆಯುವುದು, ಬರೆದಿಡುವುದು. ಐದು ಸರಿಗಳು ಇಲ್ಲಿ ನಾಲ್ಕನೆಯ ಹೆಜ್ಜೆಯೊಂದರಲ್ಲಿಯೇ ಅಡಕವಾಗಿವೆ. ಉಳಿದುದೆಲ್ಲ ದಾದಿಯ ವಿವೇಕ.

ಮೊದಲ ಹೆಜ್ಜೆಯ ಬೆಲೆಯನ್ನು ನಾವು ಪುಸ್ತಕದಿಂದ ತಿಳಿದವರಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರು ಬೆಂಗಳೂರಿನಿಂದ ಬಂದಿದ್ದರು. ಇನ್ಸುಲಿನ್ ಸೀಸೆಗಳು ಸಾಕಷ್ಟಿದ್ದವು, ಸಿರಿಂಜ್‌ಗಳು ಮುಗಿದವು. ಇಲ್ಲಿಯವನ್ನೇ ತಂದುಕೊಟ್ಟೆವು. ಅವರು ಎಂದಿನಂತೆ 20ರ ಗೆರೆಯವರೆಗೆ ಎಳೆದುಕೊಳ್ಳುತ್ತಿದ್ದರು. ಸಕ್ಕರೆ ಏರತೊಡಗಿತು; ಬಾಯಾರಿಕೆ, ನಿತ್ರಾಣ. ಹಬ್ಬದ ಹೋಳಿಗೆಯ ಫಲವೆಂದು ನಾವು ಅವರನ್ನು ಗದರಿದೆವು. ಅವರು ಮರುನುಡಿಯದೆ ಅನ್ನವನ್ನೂ ಕಡಿಮೆ ಮಾಡಿದರು. ವೈದ್ಯರ ಬಳಿಗೆ ಕರೆದೊಯ್ದಾಗ ಅಲ್ಲಿನ ದಾದಿ ಏನು ತಿಂದಿರೆಂದು ಕೇಳುವುದಕ್ಕೆ ಮೊದಲು, ಸೀಸೆಯನ್ನೂ ಸಿರಿಂಜನ್ನೂ ಒಟ್ಟಿಗೆ ತೋರಿಸಿ ಎಂದರು.

ಭಾರತದ ಸೀಸೆಗಳಲ್ಲಿ ಬಹಳಷ್ಟು ಮಿಲಿಲೀಟರಿಗೆ 40 ಯೂನಿಟ್‌ನವು. ಇಲ್ಲಿ ಬಳಕೆಯಲ್ಲಿರುವುದು ಸಾಮಾನ್ಯವಾಗಿ 100. ಸಿರಿಂಜ್‌ಗಳೂ ಅದಕ್ಕೆ ತಕ್ಕಂತೆ ಬೇರೆ. ನೂರರ ಸಿರಿಂಜಿನ 20ನೆಯ ಗೆರೆಯವರೆಗೆ ನಲವತ್ತರ ಸೀಸೆಯಿಂದ ಎಳೆದರೆ ಒಳಹೋಗುವುದು 8 ಯೂನಿಟ್ ಮಾತ್ರ. ಇದೇ ತಿರುಗುಮುರುಗಾಗಿ, ಇಲ್ಲಿನ ಸೀಸೆಯಿಂದ ಅಲ್ಲಿನ ಸಿರಿಂಜಿಗೆ ಎಳೆದಿದ್ದರೆ 20ರ ಬದಲು 50 ಯೂನಿಟ್ ಹೋಗುತ್ತಿತ್ತು! ಹೋಳಿಗೆಯ ತಪ್ಪೇನೂ ಇರಲಿಲ್ಲ. ತಾಯಿಯನ್ನು ಗದರಿದ ಮಾತು ಮಾತ್ರ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಇಂಥ ತಪ್ಪುಗಳು ಮನೆಗಳಿಗೆ ಸೀಮಿತವಲ್ಲ. 2004ರಲ್ಲಿ ಪ್ರಕಟವಾದ ಬೇಕರ್, ನಾರ್ಟನ್ ಮೊದಲಾದವರ ಅಧ್ಯಯನದ ಪ್ರಕಾರ ಕೆನಡಾದ ಆಸ್ಪತ್ರೆಗಳಲ್ಲಿ ಶೇಕಡಾ 7.5ರಷ್ಟು ದಾಖಲಾತಿಗಳಲ್ಲಿ ಚಿಕಿತ್ಸೆಯಿಂದಲೇ ಹಾನಿಯಾಗಿತ್ತು; ಶಸ್ತ್ರಚಿಕಿತ್ಸೆಯನ್ನು ಬಿಟ್ಟರೆ ಔಷಧಗಳದೇ ಮುಂದಿನ ಸ್ಥಾನ. ಯೂನಿಟ್ ಎಂಬುದಕ್ಕೆ ಬದಲಾಗಿ ಇಂಗ್ಲಿಷಿನ 'ಯು' ಅಕ್ಷರವೊಂದನ್ನೇ ಗೀಚಬಾರದೆಂಬ ನಿಯಮ ಬಂದುದೂ ಇದಕ್ಕೇ. ಆ ಅಕ್ಷರ ಸೊನ್ನೆಯಂತೆ ಕಂಡರೆ 4 ಯೂನಿಟ್ 40 ಆಗುತ್ತದೆ. ನಮ್ಮ ವಾನ್ ನಗರದಲ್ಲಿ 2021ರ ಫೆಬ್ರವರಿಯಲ್ಲಿ ಕೊರ್ಟೆಲುಚಿ ವಾನ್ ಆಸ್ಪತ್ರೆ ತೆರೆಯಿತು. ಈ ಕಾಲದ ಆಸ್ಪತ್ರೆಗಳಲ್ಲಿ ರೋಗಿಯ ಕೈಪಟ್ಟಿಯನ್ನೂ ಔಷಧದ ಚೀಟಿಯನ್ನೂ ಯಂತ್ರ ಓದಿ ಹೋಲಿಸುತ್ತದೆ. ಆದರೆ ಅಮ್ಮನ ಕೈಚೀಲದಲ್ಲಿ ಏನಿದೆ ಎಂಬುದು ಯಂತ್ರಕ್ಕೆ ತಿಳಿಯದು.

ಅದನ್ನು ಹೇಳಬೇಕಾದವರು ನಾವು. ಇಂಗ್ಲಿಷ್ ಬಾರದ ಹಿರಿಯರ ಪರವಾಗಿ ಉತ್ತರಿಸುವಾಗ ನಾವೂ ದಾದಿಯ ಮೊದಲ ಹೆಜ್ಜೆಯಲ್ಲಿ ಪಾಲುದಾರರಾಗುತ್ತೇವೆ. ಅಲ್ಲಿನ ಪ್ಯಾರಾಸಿಟಮಾಲೇ ಇಲ್ಲಿನ ಅಸಿಟಮಿನೊಫೆನ್. ಕ್ರೋಸಿನ್, ಟೈಲೆನಾಲ್ ಎರಡನ್ನೂ ನುಂಗಿದರೆ ಒಂದೇ ಮದ್ದು ಇಮ್ಮಡಿಯಾಗುತ್ತದೆ. ಅಲ್ಲಿ 180 ಎನ್ನುವ ಸಕ್ಕರೆಯನ್ನು ಇಲ್ಲಿ 10 ಎನ್ನುತ್ತಾರೆ. ಆದುದರಿಂದ ಆಸ್ಪತ್ರೆಗೆ ಹೋಗುವಾಗ ಸೀಸೆ, ಸಿರಿಂಜ್, ಮಾತ್ರೆ, ಕಷಾಯದ ಪುಡಿ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯೋಣ. ದಾದಿ ಕೇಳಿದ ಪ್ರಶ್ನೆಯನ್ನು ಅವಸರದಲ್ಲಿ ನಾವೇ ಉತ್ತರಿಸಿಬಿಡದೆ, ಮೊದಲು ಅಮ್ಮನನ್ನು ಕನ್ನಡದಲ್ಲಿ ಕೇಳೋಣ.