ಅರ್ಜಿ ಎಂದರೆ ಬೇಡುವುದಲ್ಲ

ಮಸ್ಕತ್, ಸೋಹಾರ್, ಸೂರ್, ಸಲಾಲಾ, ಹೀಗೆ ಒಮಾನಿನ ಯಾವ ಊರಿನಲ್ಲಿದ್ದರೂ ನಮ್ಮ ಮಾತಿಗೆ ಕಿವಿಗೊಡುವ ಎಳೆಯ ಗೆಳೆಯರೇ,

ಇವತ್ತಿನ ಮಾತು ಕೆಲಸದ ಅರ್ಜಿಯ ಬಗ್ಗೆ. ನಿಮ್ಮಲ್ಲಿ ಹಲವರು ಡಿಗ್ರಿ ಮುಗಿಸಿದ್ದೀರಿ, ಇಲ್ಲವೇ ಮುಗಿಸುವ ಹಂತದಲ್ಲಿದ್ದೀರಿ. ಕಂಪ್ಯೂಟರಿನಲ್ಲಿ ಫಾರ್ಮ್ ತುಂಬುತ್ತೀರಿ. ಹೆಸರು, ವಿಳಾಸ, ಓದು, ಅಂಕ ಎಲ್ಲವೂ ಸರಾಗವಾಗಿ ಸಾಗುತ್ತದೆ. ಆಮೇಲೆ ಒಂದು ದೊಡ್ಡ ಖಾಲಿ ಚೌಕ ಬರುತ್ತದೆ. ‘ನಿಮ್ಮ ಬಗ್ಗೆ ಬರೆಯಿರಿ, ಈ ಕೆಲಸಕ್ಕೆ ನೀವು ಹೇಗೆ ತಕ್ಕವರು ತಿಳಿಸಿ’ ಎನ್ನುತ್ತದೆ. ಇದೇ ಪರ್ಸನಲ್ ಸ್ಟೇಟ್‌ಮೆಂಟ್. ಅಲ್ಲಿ ಕೈ ನಿಲ್ಲುತ್ತದೆ.

ಕೈ ನಿಲ್ಲುವುದಕ್ಕೆ ಕಾರಣ ಇಂಗ್ಲಿಷ್ ಅಲ್ಲ. ಇಂಗ್ಲಿಷ್ ನಿಮಗೆ ನಮಗಿಂತ ಚೆನ್ನಾಗಿ ಬರುತ್ತದೆ. ಕಾರಣ ಮನೆಯ ಪಾಠ. ತನ್ನನ್ನು ತಾನು ಹೊಗಳಿಕೊಳ್ಳಬಾರದು ಎಂದು ಕೇಳುತ್ತಲೇ ಬೆಳೆದವರು ನೀವು. ಮಹಾಭಾರತದ ಕರ್ಣಪರ್ವದಲ್ಲಿ ಒಂದು ಪ್ರಸಂಗವಿದೆ. ಅಣ್ಣ ಧರ್ಮರಾಯನನ್ನು ನಿಂದಿಸಿದ ಪಶ್ಚಾತ್ತಾಪದಲ್ಲಿ ಅರ್ಜುನ ಪ್ರಾಣ ಬಿಡಲು ಹೊರಟಾಗ ಕೃಷ್ಣ ತಡೆಯುತ್ತಾನೆ. ನಿನ್ನ ಗುಣಗಳನ್ನು ನೀನೇ ಹೊಗಳಿಕೊ, ಅದು ಸಾವಿಗೆ ಸಮ ಎನ್ನುತ್ತಾನೆ. ಇಂಥ ಕತೆ ಕೇಳಿ ಬೆಳೆದ ಮಕ್ಕಳಿಗೆ ‘ನಾನು ಹೇಗೆ ತಕ್ಕವನು’ ಎಂದು ಬರೆಯಲು ಮುಜುಗರವಾಗುವುದು ಸಹಜ. ಹಾಗಾಗಿ ಕೆಲವರು ಎರಡು ಸಾಲು ಬರೆದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಸಿದ್ಧ ಮಾದರಿ ಹುಡುಕಿ ‘ಶ್ರಮಜೀವಿ, ಉತ್ಸಾಹಿ, ಎಲ್ಲರೊಡನೆ ಬೆರೆಯುವವನು’ ಎಂದು ಅಂಟಿಸುತ್ತಾರೆ. ಎರಡೂ ಪ್ರಯೋಜನವಿಲ್ಲ.

ಹೊಗಳಿಕೆಯೂ ಅಲ್ಲದ, ಬೇಡಿಕೆಯೂ ಅಲ್ಲದ ಮೂರನೆಯ ದಾರಿ ನಮ್ಮ ಹಿಂದಿನವರಿಗೆ ಗೊತ್ತಿತ್ತು. ಅದನ್ನು ಹುಡುಕಲು ಸ್ವಲ್ಪ ಇತಿಹಾಸ ನೋಡೋಣ. ಮೊದಲು ‘ಅರ್ಜಿ’ ಎಂಬ ಪದವನ್ನೇ ಹಿಡಿದುಕೊಳ್ಳೋಣ.

ಈ ಪದ ಕನ್ನಡಕ್ಕೆ ಬಂದದ್ದು ಪಾರಸಿಯಿಂದ, ಪಾರಸಿಗೆ ಹೋದದ್ದು ಅರಬಿಯಿಂದ. ಅರಬಿಯ ಮೂಲ ಪದ ‘ಅರ್ದ್’. ಮುಂದಿಟ್ಟು ತೋರಿಸುವುದು ಎಂದು ಅರ್ಥ. ನೀವು ಅದನ್ನು ದಿನಾ ನೋಡುತ್ತೀರಿ. ಮಸ್ಕತ್ತಿನ ಸೂಪರ್‌ಮಾರ್ಕೆಟ್‌ಗಳಲ್ಲಿ ರಿಯಾಯಿತಿ ಮಾರಾಟದ ದಿನ ಬಾಗಿಲಲ್ಲಿ ‘ಉರೂದ್’ ಎಂಬ ಬೋರ್ಡು ತೂಗುತ್ತದಲ್ಲ, ಅದು ಇದೇ ಪದದ ಬಹುವಚನ. ಅಂಗಡಿಯವನು ಯಾರನ್ನೂ ಬೇಡುತ್ತಿಲ್ಲ. ತನ್ನಲ್ಲಿ ಇರುವುದನ್ನು ಮುಂದಿಟ್ಟು ತೋರಿಸುತ್ತಿದ್ದಾನೆ. ಕನ್ನಡದ ಇನ್ನೂ ಹಳೆಯ ಪದ ‘ಬಿನ್ನಹ’. ಅದು ಸಂಸ್ಕೃತದ ‘ವಿಜ್ಞಾಪನ’ದಿಂದ ಬಂದದ್ದು, ತಿಳಿಯಪಡಿಸುವುದು ಎಂದು ಅರ್ಥ. ಒಂದು ಪದ ತೋರಿಸು ಎನ್ನುತ್ತದೆ, ಇನ್ನೊಂದು ತಿಳಿಸು ಎನ್ನುತ್ತದೆ. ಬೇಡು ಎಂದು ಎರಡೂ ಹೇಳುವುದಿಲ್ಲ.

ತೋರಿಸುವುದಕ್ಕೂ ಹೊಗಳುವುದಕ್ಕೂ ಇರುವ ವ್ಯತ್ಯಾಸ ನೋಡಬೇಕಾದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ನೋಡಿ. ಅದು ಕ್ರಿ.ಶ. 949-50ರ ಶಾಸನ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಮೇಲೆ, ಗಂಗರ ಬೂತುಗ ತನ್ನ ವೀರ ಮಣಲರನಿಗೆ ಏನು ಬೇಕೋ ಕೇಳು ಎಂದ. ಮಣಲರ ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು. ಆ ಕಲ್ಲಿನಲ್ಲಿ ರಾಜರ ಬಿರುದುಗಳೂ ಇವೆ. ಆದರೆ ಓದಿದವರಿಗೆ ಮರೆಯದೆ ಉಳಿಯುವುದು ನಾಯಿ ಹಂದಿಯ ಹೋರಾಟ. ಬಿರುದು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಎಲ್ಲಿ, ಯಾವಾಗ, ಏನು ಮಾಡಿದ ಎಂಬುದು ಮಾತ್ರ ಅವನೊಬ್ಬನದು. ‘ಶ್ರಮಜೀವಿ, ಉತ್ಸಾಹಿ’ ಎಂದು ಬರೆಯುವುದು ಬಿರುದಾವಳಿ. ನೀವು ಬರೆಯಬೇಕಾದದ್ದು ವೀರಗಲ್ಲಿನ ಕತೆಯ ಭಾಗ.

ಈಗ ನೀವಿರುವ ಊರಿಗೇ ಬರೋಣ. ಕನ್ನಡ ಕರಾವಳಿಗೂ ಮಸ್ಕತ್ತಿಗೂ ನಂಟು ತೈಲದ ಕಾಲದ್ದಲ್ಲ. ಕೆಳದಿ ನಾಯಕರ ಕಾಲದಲ್ಲೇ ನಮ್ಮ ಕರಾವಳಿಯ ಅಕ್ಕಿ ಇಲ್ಲಿಗೆ ಬರುತ್ತಿತ್ತು. ಆಮೇಲೆ ಟಿಪ್ಪು ಸುಲ್ತಾನ್ ಮಸ್ಕತ್ತಿನಲ್ಲಿ ಒಂದು ವ್ಯಾಪಾರದ ಕೋಠಿ ಇಟ್ಟಿದ್ದ. ಅಕ್ಕಿ, ಗಂಧ, ಕಾಳುಮೆಣಸು, ಏಲಕ್ಕಿ ಮಂಗಳೂರಿನಿಂದ ಇಲ್ಲಿಗೆ ಬಂದು ಮಾರಾಟವಾಗುತ್ತಿತ್ತು. ಕೋಠಿಯ ಅಧಿಕಾರಿಗೆ ಟಿಪ್ಪು ಬರೆಸಿದ ಪತ್ರಗಳು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರ ಕೈ ಸೇರಿದವು. ವಿಲಿಯಂ ಕರ್ಕ್‌ಪ್ಯಾಟ್ರಿಕ್ ಅವುಗಳಲ್ಲಿ ಹಲವನ್ನು ಇಂಗ್ಲಿಷಿಗೆ ಅನುವಾದಿಸಿ 1811ರಲ್ಲಿ ಅಚ್ಚು ಹಾಕಿಸಿದ.

ಆ ಪತ್ರಗಳಲ್ಲಿ ನಿಮಗೆ ಬೇಕಾದ ಒಂದು ಸಂಗತಿ ಇದೆ. 1785-86ರ ಸುಮಾರಿನಲ್ಲಿ ಸುಲ್ತಾನ ಮಸ್ಕತ್ತಿನಿಂದ ಜನರನ್ನು ಕರೆಸುತ್ತಿದ್ದ. ಕೊಲ್ಲಿಯ ಕಡೆಯಿಂದ ಮುತ್ತು ತೆಗೆಯುವ ಮುಳುಗುಗಾರರನ್ನು ಕಳಿಸು, ರೇಷ್ಮೆಹುಳು ತರಿಸು, ಅದನ್ನು ಸಾಕಬಲ್ಲವರನ್ನೂ ಜೊತೆಗೆ ಕಳಿಸು ಎಂದು ಬರೆಸಿದ. ಅಂದರೆ ಆಗ ಕೆಲಸ ನಮ್ಮ ಕಡೆ ಇತ್ತು, ಕೆಲಸಗಾರರನ್ನು ಈ ಕಡೆ ಹುಡುಕುತ್ತಿದ್ದರು. ಗಾಳಿ ಯಾವ ದಿಕ್ಕಿಗೆ ಬೀಸಿದರೂ ಕೇಳುವ ಪ್ರಶ್ನೆ ಒಂದೇ: ಈ ಕೈಗೆ ಏನು ಬರುತ್ತದೆ? ಕೆಲಸ ಕೊಡುವವನಿಗೂ ಒಂದು ಅಗತ್ಯ ಇರುತ್ತದೆ. ಇದನ್ನು ನೆನಪಿಟ್ಟವರು ಅರ್ಜಿಯಲ್ಲಿ ಅಂಗಲಾಚುವುದಿಲ್ಲ.

ಹಾಗಾದರೆ ಅರ್ಜಿಗೆ ಅಂಗಲಾಚುವ ಧಾಟಿ ಬಂದದ್ದು ಯಾವಾಗ? ಹೆಚ್ಚಾಗಿ ಇಂಗ್ಲಿಷರ ಕಚೇರಿಗಳ ಕಾಲದಲ್ಲಿ. ಕಚೇರಿಯ ಮುಂದೆ ಮರದ ನೆರಳಲ್ಲಿ ಅರ್ಜಿ ಬರೆಯುವವರು ಕೂತಿರುತ್ತಿದ್ದರು. ಆರಂಭ ಅವರೇ ಬರೆಯುತ್ತಿದ್ದರು, ಮುಕ್ತಾಯವೂ ಅವರದೇ: ‘ತಮ್ಮ ಅತ್ಯಂತ ವಿಧೇಯ ಸೇವಕ’. ನಡುವೆ ಹೆಸರು ಬದಲಿಸಿದರೆ ಮುಗಿಯಿತು, ಯಾರ ಅರ್ಜಿಯಾದರೂ ಆದೀತು. ಇಂದು ಸಿದ್ಧ ಮಾದರಿಯಿಂದ ನಕಲು ಮಾಡುವವರು ಆ ಮರದ ಕೆಳಗೇ ಇನ್ನೂ ಕೂತಿದ್ದಾರೆ.

ಮುಂದಿನದು ನಿಮ್ಮ ಅಪ್ಪ, ಅಜ್ಜಂದಿರ ಕಾಲ. ಒಮಾನಿನಿಂದ ತೈಲ ರಫ್ತು ಶುರುವಾದದ್ದು 1967ರಲ್ಲಿ. 1970ರ ಜುಲೈ 23ರಂದು ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದಾಗ ಇಡೀ ದೇಶದಲ್ಲಿ ಹೊಸ ರೀತಿಯ ಶಾಲೆ ಇದ್ದದ್ದು ಮೂರೇ. ಆಮೇಲೆ ರಸ್ತೆ, ಬಂದರು, ಆಸ್ಪತ್ರೆ, ಶಾಲೆ ಎಲ್ಲ ಒಟ್ಟಿಗೇ ಎದ್ದವು. ಕೈಗಳು ಬೇಕಾದವು. ಉಡುಪಿ, ಮಂಗಳೂರು, ಭಟ್ಕಳ, ಕಾಸರಗೋಡಿನವರು ಹೆಚ್ಚಾಗಿ ಮುಂಬಯಿ ಮೂಲಕ ಬಂದರು. ಏಜೆಂಟರ ಹಾವಳಿ ಹೆಚ್ಚಿದಾಗ ಭಾರತ ಸರ್ಕಾರ 1922ರ ಹಳೆಯ ಕಾಯಿದೆಯ ಜಾಗದಲ್ಲಿ 1983ರಲ್ಲಿ ಹೊಸ ವಲಸೆ ಕಾಯಿದೆ ತಂದು, ಏಜೆಂಟರು ನೋಂದಣಿ ಮಾಡಿಸಲೇಬೇಕು ಎಂದಿತು.

ಆ ಕಾಲದ ಕಾಗದ ಬಯೋಡೇಟಾ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಧರ್ಮ, ಮದುವೆ ಆಗಿದೆಯೇ, ಓದು, ಎಷ್ಟು ವರ್ಷದ ಅನುಭವ, ಪಾಸ್‌ಪೋರ್ಟ್ ನಂಬರ್. ಒಂದು ಪುಟಕ್ಕೆ ಮುಗಿಯಿತು. ‘ನಿಮ್ಮ ಬಗ್ಗೆ ಬರೆಯಿರಿ’ ಎಂಬ ಚೌಕ ಅದರಲ್ಲಿ ಇರಲಿಲ್ಲ.

ಇದರಿಂದ ಏನು ನಷ್ಟವಾಯಿತು ಗೊತ್ತೇ? ಆಗ ಮುಂಬಯಿಯಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ರಾತ್ರಿ ಬೆಂಚಿನ ಮೇಲೆ ಕೂತು ಮೆಟ್ರಿಕ್ ಮುಗಿಸಿದ ಹುಡುಗರು ಎಷ್ಟೋ ಜನ. ಅಂಥವನೊಬ್ಬ ಟೈಪಿಂಗ್ ಕಲಿತು ಗಲ್ಫಿಗೆ ಹೊರಟಾಗ ಬಯೋಡೇಟಾದಲ್ಲಿ ಬಂದದ್ದು ‘ಓದು: ಮೆಟ್ರಿಕ್’ ಎಂಬ ಒಂದೇ ಸಾಲು. ದಿನಕ್ಕೆ ಹತ್ತು, ಹನ್ನೆರಡು ಗಂಟೆ ದುಡಿದು ಓದಿದ ಎಂಬುದಕ್ಕೆ ಅಂಕಣ ಇರಲಿಲ್ಲ. ಅವನನ್ನು ಆರಿಸಲು ಅದಕ್ಕಿಂತ ಒಳ್ಳೆಯ ಕಾರಣ ಇನ್ನೇನಿತ್ತು? ಹೇಳಲು ಜಾಗವಿಲ್ಲದೆ ಅದು ಹಾಗೇ ಹೋಯಿತು.

ಕೈಕೆಲಸದವರ ಪಾಡು ಈ ವಿಷಯದಲ್ಲಿ ಸ್ವಲ್ಪ ಮೇಲು. ಅವರಿಗೆ ಟ್ರೇಡ್ ಟೆಸ್ಟ್ ಇತ್ತು. ಮೇಸ್ತ್ರಿ ಇಟ್ಟಿಗೆ ಕಟ್ಟಿ ತೋರಿಸಬೇಕು, ವೆಲ್ಡರ್ ಬೆಸುಗೆ ಹಾಕಿ ತೋರಿಸಬೇಕು, ಡ್ರೈವರ್ ಗಾಡಿ ಓಡಿಸಿ ತೋರಿಸಬೇಕು. ಕಂಪನಿಯವರು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ನೀನು ಶ್ರಮಜೀವಿಯೇ ಎಂದು ಯಾರೂ ಕೇಳಲಿಲ್ಲ. ಬೆಸುಗೆ ನಿಂತರೆ ಆಯಿತು. ನಿಜವಾದ ‘ಅರ್ದ್’ ಎಂದರೆ ಇದೇ. ಪರ್ಸನಲ್ ಸ್ಟೇಟ್‌ಮೆಂಟ್ ಎಂದರೂ ಇದೇ, ಕಾಗದದ ಮೇಲೆ ಕೊಡುವ ಟ್ರೇಡ್ ಟೆಸ್ಟ್.

ಈಗ ನಿಮ್ಮ ಕಾಲ. ಇಲ್ಲಿ ಕೆಲಸಗಳಲ್ಲಿ ಒಮಾನಿಗಳಿಗೆ ಆದ್ಯತೆ ಕೊಡುವ ನೀತಿ 1988ರಿಂದ ಇದೆ. 2018ರ ಜನವರಿಯಲ್ಲಿ ಐಟಿ, ಲೆಕ್ಕಪತ್ರ, ಮಾರ್ಕೆಟಿಂಗ್, ಎಂಜಿನಿಯರಿಂಗ್ ಮೊದಲಾದ ಕ್ಷೇತ್ರಗಳ 87 ಹುದ್ದೆಗಳಿಗೆ ಹೊರದೇಶದವರಿಗೆ ಹೊಸ ವೀಸಾ ತಡೆಹಿಡಿದರು. ದೇಶದ ಮಕ್ಕಳಿಗೆ ಮೊದಲು ಕೆಲಸ ಸಿಗಬೇಕೆಂಬುದು ನ್ಯಾಯವಾದದ್ದೇ. ಇನ್ನೊಂದು ಕಡೆ, 2021ರ ಜನವರಿ 1ರಿಂದ ಕೆಲಸ ಬದಲಿಸಲು ಹಳೆಯ ಮಾಲೀಕರ ಎನ್‌ಒಸಿ ಬೇಕೆಂಬ ನಿಯಮ ಹೋಯಿತು. ಕರಾರು ಮುಗಿಸಿದ ಅನುಭವಸ್ಥರು ಇಲ್ಲೇ ಬೇರೆ ಕಂಪನಿಗೆ ಅರ್ಜಿ ಹಾಕಬಹುದು. ಅಂದರೆ ಇರುವ ಜಾಗ ಕಡಿಮೆ, ಪೈಪೋಟಿ ಹೆಚ್ಚು. ಇಲ್ಲೇ ಹುಟ್ಟಿ ಬೆಳೆದಿದ್ದರೂ ಅಪ್ಪನ ವೀಸಾದಲ್ಲಿ ಕೊನೆಯವರೆಗೆ ಇರಲಾಗುವುದಿಲ್ಲ. ಕೆಲಸ ಸಿಕ್ಕದಿದ್ದರೆ ಹುಟ್ಟಿದ ಊರನ್ನೇ ಬಿಡಬೇಕಾಗುತ್ತದೆ. ಆ ಖಾಲಿ ಚೌಕದ ತೂಕ ಅಷ್ಟಿದೆ. ಅರ್ಜಿ ಬೆಂಗಳೂರಿಗೋ ಲಂಡನ್ನಿಗೋ ಹೋಗುವುದಾದರೂ ಚೌಕ ಅದೇ.

ಹಾಗಾದರೆ ಅದರಲ್ಲಿ ಏನು ಬರೆಯಬೇಕು?

ಮೊದಲು ಆ ಹುದ್ದೆ ನಿಮಗೆ ತೆರೆದಿದೆಯೇ ನೋಡಿ. ನಿಯಮ ಮುಚ್ಚಿದ ಬಾಗಿಲನ್ನು ಯಾವ ಬರಹವೂ ತೆರೆಯದು. ತೆರೆದಿದ್ದರೆ ಜಾಹೀರಾತನ್ನು ಎರಡು ಸಲ ಓದಿ, ಅವರಿಗೆ ಬೇಕಾದ ಮೂರು ನಾಲ್ಕು ಗುಣಗಳನ್ನು ಗುರುತು ಹಾಕಿ. ಒಂದೊಂದು ಗುಣಕ್ಕೂ ನಿಮ್ಮ ಬದುಕಿನ ಒಂದೊಂದು ಘಟನೆ ಹುಡುಕಿ. ಎಲ್ಲಿ, ಯಾವಾಗ, ನೀವು ಏನು ಮಾಡಿದಿರಿ, ಅದರಿಂದ ಏನಾಯಿತು, ಈ ನಾಲ್ಕು ಇದ್ದರೆ ಸಾಕು.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ‘ನನಗೆ ಸಮಾಜಸೇವೆಯಲ್ಲಿ ಆಸಕ್ತಿ ಇದೆ, ನಾಯಕತ್ವದ ಗುಣವಿದೆ’ ಎಂದು ಒಬ್ಬ ಬರೆಯುತ್ತಾನೆ. ಇನ್ನೊಬ್ಬಳು ಬರೆಯುತ್ತಾಳೆ: ‘2021ರ ಅಕ್ಟೋಬರ್‌ನಲ್ಲಿ ಶಾಹೀನ್ ಚಂಡಮಾರುತ ಬಾತಿನಾ ಕರಾವಳಿಗೆ ಬಡಿದಾಗ ನಾವು ಆರು ಗೆಳತಿಯರು ಎರಡು ವಾರಾಂತ್ಯ ಸುವೈಕ್‌ಗೆ ಹೋದೆವು. ಯಾವ ಮನೆಗೆ ನೀರು, ಯಾವ ಮನೆಗೆ ಹಾಸಿಗೆ ಬೇಕೆಂಬ ಪಟ್ಟಿಯನ್ನು ನಾನು ಮಾಡಿದೆ. ಎರಡನೆಯ ವಾರ ಹಂಚುವವರು ಆ ಪಟ್ಟಿಯನ್ನೇ ಹಿಡಿದು ಹೋದರು.’ ಇವಳು ತನ್ನನ್ನು ಒಂದು ಮಾತಿನಲ್ಲೂ ಹೊಗಳಿಕೊಂಡಿಲ್ಲ. ಆದರೂ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ನೀವು ಯಾರನ್ನು ಕರೆಯುತ್ತೀರಿ?

ದೊಡ್ಡ ಘಟನೆಯೇ ಆಗಬೇಕೆಂದಿಲ್ಲ. ನೀವು ಮನೆಯಲ್ಲಿ ಕನ್ನಡವೋ ತುಳುವೋ, ನೆರೆಯವರೊಡನೆ ಹಿಂದಿ ಮಲಯಾಳ, ಅಂಗಡಿಯಲ್ಲಿ ಅರಬಿ, ಶಾಲೆಯಲ್ಲಿ ಇಂಗ್ಲಿಷ್ ಆಡಿದವರು. ಫಾರ್ಮಿನ ಕೊನೆಯಲ್ಲಿ ಭಾಷೆಗಳ ಪಟ್ಟಿ ಕೊಟ್ಟು ಸುಮ್ಮನಾಗುತ್ತೀರಿ. ಊರಿಂದ ಬಂದ ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ದು, ವೈದ್ಯರ ಮಾತನ್ನು ಅಜ್ಜಿಗೂ ಅಜ್ಜಿಯ ನೋವನ್ನು ವೈದ್ಯರಿಗೂ ತಿಳಿಸಿದ್ದರೆ, ರೋಗಿಗಳೊಡನೆ ವ್ಯವಹರಿಸುವ ಕೆಲಸಕ್ಕೆ ಅದೇ ನಿಮ್ಮ ಸಾಕ್ಷಿ. ‘ನಾನು ಇಲ್ಲೇ ಹುಟ್ಟಿದವನು’ ಎಂಬುದು ಅರ್ಹತೆಯಲ್ಲ. ಈ ಊರಿನ ದಾರಿ, ಮಾತು, ರೀತಿ ಬಲ್ಲೆ, ಅದನ್ನು ಇಂಥ ಕಡೆ ಬಳಸಿದೆ ಎಂಬುದು ಅರ್ಹತೆ.

ಇನ್ನು ಎರಡು ಎಚ್ಚರ. ಸಂದರ್ಶನದಲ್ಲಿ ‘ಇದನ್ನು ಸ್ವಲ್ಪ ವಿವರಿಸಿ’ ಎಂದರೆ ಐದು ನಿಮಿಷ ಮಾತಾಡಲಾಗದ ಸಾಲನ್ನು ಬರೆಯಬೇಡಿ. ಸುಳ್ಳು ಬೆಸುಗೆ ಅಲ್ಲೇ ಬಿಡುತ್ತದೆ. ಮತ್ತೆ, ನಾಲ್ವರು ಸೇರಿ ಮಾಡಿದ್ದನ್ನು ನಾನೊಬ್ಬನೇ ಮಾಡಿದೆ ಎನ್ನಬೇಡಿ, ನಿಮ್ಮ ಪಾಲಿನದನ್ನು ನಾವು ಮಾಡಿದೆವು ಎಂದು ಮರೆಸಲೂ ಬೇಡಿ. ನಮ್ಮ ಮಕ್ಕಳು ಹೆಚ್ಚಾಗಿ ಮಾಡುವುದು ಈ ಎರಡನೆಯ ತಪ್ಪು.

ಬರೆದು ಮುಗಿದ ಮೇಲೆ ಅದನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡಿ. ಬಿರುದಾವಳಿಯನ್ನು ಕನ್ನಡದಲ್ಲಿ ಮನೆಯವರ ಎದುರು ಹೇಳಲು ನಾಲಿಗೆ ಏಳುವುದಿಲ್ಲ. ಅದನ್ನು ಹೊಡೆದುಹಾಕಿ. ಮಾಡಿದ ಕೆಲಸವನ್ನು ಹೇಳಲು ಅಳುಕಾಗುವುದಿಲ್ಲ. ಅದನ್ನು ಉಳಿಸಿಕೊಳ್ಳಿ. ಹಾಗೆಯೇ, ನೀವು ಬಂದಾಗ ಬಯೋಡೇಟಾದಲ್ಲಿ ಬರೆಯಲಾಗದೆ ಹೋದದ್ದು ಏನು ಎಂದು ಅವರನ್ನೂ ಕೇಳಿ. ಅವರಿಗೆ ಸಿಗದ ಚೌಕ ನಿಮಗೆ ಸಿಕ್ಕಿದೆ, ಅದನ್ನು ಖಾಲಿ ಬಿಡಬೇಡಿ.